ಶೇಪರ್ ಯಂತ್ರಕ್ಕೆ ಮನೆಯಲ್ಲಿ ಮಾಡಿದ ಹತ್ಯಾರ

ಇಂದಿನದು ಯಂತ್ರಯುಗವೆಂಬ ಮಾತನ್ನು ನಾವು ಪ್ರಬಂಧ ಸ್ಪರ್ಧೆಗಳಲ್ಲಿ ಎಷ್ಟೋ ಸಲ ಬರೆದಿದ್ದೇವೆ. ಬರೆದು ಬಹುಮಾನವನ್ನೂ ಪಡೆದಿದ್ದೇವೆ. ಆದರೆ ಯಂತ್ರವು ಕಬ್ಬಿಣವನ್ನು ಹೇಗೆ ಕೊರೆಯುತ್ತದೆ, ಕೊರೆಯುವ ಆ ತುದಿಯು ತಾನೇ ಯಾತರಿಂದಾದದ್ದು, ಅದನ್ನು ಯಾರು ಮಾಡುತ್ತಾರೆ ಎಂಬ ಪ್ರಶ್ನೆಯನ್ನು ಕಲಾ ಶಾಖೆಯವರಾದ ನಾವು ಕೇಳಿಕೊಳ್ಳುವದು ಅಪರೂಪ. ಬಿ.ಎ. ಓದುವ ಹುಡುಗನಿಗೆ ಈ ಉಸಾಬರಿ ಏಕೆಂದು ಗೆಳೆಯರು ನಗಬಹುದು. ನಾನು ಕಮ್ಮಾರರ ಮನೆಯವನು. ಕಾಲೇಜಿನಿಂದ ಮನೆಗೆ ಹೋದ ಮೇಲೆ ಕೈಗೆ ಬರುವದು ಸುತ್ತಿಗೆಯೇ ಹೊರತು ಬೇರೆಯದಲ್ಲ.

ನಮ್ಮೂರು ಇಂಡಿ ತಾಲೂಕಿನ ಲಚ್ಯಾಣ. ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ ರೈಲುಹಳಿಯ ಮೇಲಿದೆ. ಸಿದ್ಧಲಿಂಗ ಮಹಾರಾಜರ ಮಠದಿಂದಾಗಿ ದೂರದವರಿಗೂ ಅದರ ಹೆಸರು ಗೊತ್ತು. ನಮ್ಮ ಅಜ್ಜ ಕುಡ, ಕುಡಗೋಲು, ಕುಂಟೆಯ ಕಬ್ಬಿಣಗಳನ್ನು ಬಡಿದವರು. ಅಪ್ಪ ಅದೇ ಕುಲುಮೆಯ ಬದಿಗೆ ತಗಡಿನ ಚಪ್ಪರ ಹಾಕಿ ಒಂದು ವೆಲ್ಡಿಂಗ್ ಯಂತ್ರ, ಒಂದು ಡ್ರಿಲ್ಲು, ಒಂದು ಸಾಣೆ, ಹಾಗೂ ಸೊಲ್ಲಾಪುರದ ಗುಜರಿಯಲ್ಲಿ ತೂಕದ ಲೆಕ್ಕದಿಂದ ಕೊಂಡು ತಂದ ಹಳೆಯ ಶೇಪರ್ ಯಂತ್ರವನ್ನು ಇಟ್ಟಿದ್ದಾರೆ. ದೊಡ್ಡ ಕಾರಖಾನೆಗಳಲ್ಲಿ ಮಿಲ್ಲಿಂಗ್ ಯಂತ್ರಗಳೂ ಗಣಕದಿಂದ ನಡೆಯುವ ಯಂತ್ರಗಳೂ ಬಂದು ಶೇಪರುಗಳು ಮೂಲೆಗೆ ಸರಿದಿರುವದರಿಂದಲೇ ನಮ್ಮಂಥವರಿಗೆ ಅವು ಎಟಕುವ ಬೆಲೆಗೆ ಸಿಗುತ್ತವೆ.

ಶೇಪರ್ ಎಂದರೇನು? ಬಡಿಗರು ಕಟ್ಟಿಗೆಯ ಮೇಲೆ ಕೀಸುಳಿ ಆಡಿಸುವದನ್ನು ಎಲ್ಲರೂ ಕಂಡಿದ್ದೇವೆ. ಅದೇ ಕೆಲಸವನ್ನು ಕಬ್ಬಿಣದ ಮೇಲೆ ಮಾಡುವ ಯಂತ್ರವಿದು. ಉದ್ದನೆಯ ಭಾರವಾದ ಕಬ್ಬಿಣದ ತೋಳೊಂದು ಹಿಂದೆ-ಮುಂದೆ ಜಾರುತ್ತದೆ. ಅದಕ್ಕೆ ರ‍್ಯಾಮು ಎನ್ನುತ್ತಾರೆ. ಅದರ ಮೂತಿಗೆ ಒಂದು ಹತ್ಯಾರ, ಅಂದರೆ ಟೂಲು, ಬಿಗಿದಿರುತ್ತದೆ. ಕೆಳಗೆ ವೈಸಿನಲ್ಲಿ ಕೆಲಸದ ತುಂಡು. ಮುಂದೆ ಹೋಗುವಾಗ ಟೂಲು ಕಬ್ಬಿಣವನ್ನು ಹೆರೆಯುತ್ತದೆ, ಹಿಂದೆ ಬರುವಾಗ ಬರಿದೇ ಬರುತ್ತದೆ. ಬರಿದೇ ಬರುವ ಹೊತ್ತು ವ್ಯರ್ಥವಲ್ಲವೇ? ಆದ್ದರಿಂದ ಒಳಗಿನ ಸೀಳುತೋಳಿನ ಉಪಾಯದಿಂದ ಹಿಂದಿನ ನಡೆಯು ಮುಂದಿನದಕ್ಕಿಂತ ಬೇಗ ಮುಗಿಯುವಂತೆ ಮಾಡಿರುತ್ತಾರೆ. ನಮ್ಮ ಯಂತ್ರದಲ್ಲಿ ಒಂದು ಸುತ್ತಿನ ಐದು ಪಾಲು ಹೊತ್ತಿನಲ್ಲಿ ಮೂರು ಪಾಲು ಮುಂದಕ್ಕೆ, ಎರಡು ಪಾಲು ಹಿಂದಕ್ಕೆ. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನನ್ನ ಒಂದು ಟೂಲು ಕೆಟ್ಟದ್ದು ಇದನ್ನು ನಾನು ಮರೆತದ್ದರಿಂದ. ಇನ್ನೊಂದು ಮಾತು: ಹಿಂದೆ ಬರುವಾಗ ಟೂಲು ತಿಕ್ಕಿ ಸವೆಯಬಾರದೆಂದು ಅದನ್ನು ಹಿಡಿದ ಪಟ್ಟಿಗೆ ಮೇಲ್ಗಡೆ ಕೀಲು ಇರುತ್ತದೆ, ಮುಂದೆ ಹೋಗುವಾಗ ಪಟ್ಟಿ ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ, ಹಿಂದೆ ಬರುವಾಗ ತುಸು ಎತ್ತಿಕೊಳ್ಳುತ್ತದೆ. ಅದು ಬಡಿದುಕೊಳ್ಳುವ ಟಪ್ ಟಪ್ ಸದ್ದು ನಮ್ಮ ಓಣಿಯವರಿಗೆಲ್ಲ ಪರಿಚಿತ.

ಈ ಯಂತ್ರವನ್ನು 1836ರಲ್ಲಿ ರೂಪಿಸಿದವನು ಜೇಮ್ಸ್ ನ್ಯಾಸ್ಮಿತ್ ಎಂಬ ಸ್ಕಾಟ್ಲಂಡಿನವನು. ನಮ್ಮ ನಾಡಿನಲ್ಲಿಯೂ ಯಂತ್ರ ಮಾಡುವ ಯಂತ್ರಗಳ ಕಥೆ ಸಣ್ಣದಲ್ಲ. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿಗೂ ಮೇವು ಕತ್ತರಿಸುವ ಯಂತ್ರಕ್ಕೂ ಕೈಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಕಬ್ಬಿಣದ ನೇಗಿಲು ಭೂಮಿಗೆ ವಿಷವೆಂದು ರೈತರು ಮೊದಲು ಅಂಜಿದರೆಂದು ಹೇಳುವದುಂಟು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರಖಾನೆ ಹುಟ್ಟಿ ಲೇಥುಗಳನ್ನು ಮಾಡಿತು. ಅದು ಈಗ ಇಲ್ಲ. ಬೆಂಗಳೂರಿನಲ್ಲಿ 1953ರಲ್ಲಿ ಹಿಂದುಸ್ತಾನ್ ಮಶೀನ್ ಟೂಲ್ಸ್ ಬಂದಿತು. ಕೈಗಡಿಯಾರದಿಂದ ಅದರ ಹೆಸರು ಮನೆಮನೆಗೆ ಮುಟ್ಟಿದರೂ ಅದರ ಮೂಲ ಕಸುಬು ಲೇಥು ಮುಂತಾದ ಯಂತ್ರಗಳೇ.

ಆದರೆ ಯಂತ್ರವು ಎಷ್ಟು ದೊಡ್ಡದಿದ್ದರೂ ಕಬ್ಬಿಣವನ್ನು ಮುಟ್ಟುವದು ಬೆರಳಿನಷ್ಟು ದಪ್ಪದ ಆ ಟೂಲೇ. ಸಾಮಾನ್ಯ ಕೆಲಸದ ಟೂಲು ಪೇಟೆಯಲ್ಲಿ ಸಿಗುತ್ತದೆ. ವಿಶೇಷ ಕೆಲಸಕ್ಕೆ ವಿಶೇಷ ಟೂಲನ್ನು ನಾವೇ ಮಾಡಿಕೊಳ್ಳಬೇಕು. ಅಂಥ ಒಂದು ಪ್ರಸಂಗವನ್ನೇ ಇಲ್ಲಿ ವಿವರಿಸುತ್ತೇನೆ.

ಹಿಂಗಾರಿ ಜೋಳ ರಾಶಿಯಾಗಿ ಮನೆಗಳಿಗೆ ಬಂದ ದಿನಗಳು. ನಮ್ಮ ಓಣಿಯ ಹಿಟ್ಟಿನ ಗಿರಣಿಯ ದೊಡ್ಡ ಗಾಲಿ, ಅಂದರೆ ಪಟ್ಟೆ ಓಡುವ ಪುಲ್ಲಿ, ಒಂದು ಮುಂಜಾನೆ ಶಾಫ್ಟಿನ ಮೇಲೆ ಸುಮ್ಮನೆ ತಿರುಗತೊಡಗಿತು. ಗಾಲಿಗೂ ಶಾಫ್ಟಿಗೂ ನಡುವೆ ಒಂದು ಚೌಕನೆಯ ಕಬ್ಬಿಣದ ತುಂಡು ಇರುತ್ತದೆ. ಅದಕ್ಕೆ ಕೀ ಎನ್ನುತ್ತಾರೆ. ಅರ್ಧ ಶಾಫ್ಟಿನ ಗಾಡಿಯಲ್ಲಿ, ಅರ್ಧ ಗಾಲಿಯ ಗಾಡಿಯಲ್ಲಿ ಕುಳಿತು ಇಬ್ಬರನ್ನೂ ಒಟ್ಟಿಗೆ ತಿರುಗಿಸುವದು ಅದರ ಕೆಲಸ. ಆ ಕೀ ಕತ್ತರಿಸಿ, ಗಾಲಿಯ ಗಾಡಿಯೂ ಹರಿದುಹೋಗಿತ್ತು. ಹೊಸ ಗಾಲಿ ಬಂದಿತು. ಇಂಡಿಯ ಲೇಥಿನವರು ನಡುವಿನ ತೂತನ್ನು 40 ಮಿ.ಮೀ.ಗೆ ಸರಿಮಾಡಿ ಕೊಟ್ಟರು. ಆದರೆ ತೂತಿನ ಒಳಗೋಡೆಯಲ್ಲಿ ಕೀ ಕೂಡುವ ಗಾಡಿ ಹೊಡೆಯುವ ಯಂತ್ರ ಅವರಲ್ಲಿರಲಿಲ್ಲ. ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಒಯ್ಯಬೇಕು, ಸರದಿ ಕಾಯಬೇಕು. ಅಷ್ಟು ದಿನ ಹೆಣ್ಣುಮಕ್ಕಳು ಜೋಳದ ಬುಟ್ಟಿ ಹೊತ್ತು ಆಚೆ ಊರಿನ ಗಿರಣಿಗೆ ನಡೆಯಬೇಕು. ಗಿರಣಿಯಾತ ಬಂದು ಅಪ್ಪನ ಮುಂದೆ ಕುಳಿತು, “ಅಣ್ಣಾ, ನಿನ್ನ ಶೇಪರಿನ್ಯಾಗ ಏನರ ಆದೀತೇನು ನೋಡು” ಎಂದ. ಅಪ್ಪ ನನ್ನ ಕಡೆ ನೋಡಿ, “ನೀ ಏನಂತಿ ತಮ್ಮಾ?” ಎಂದರು. ಅಪ್ಪ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಆಗುತ್ತದೆ ಎಂದುಬಿಟ್ಟೆ.

40 ಮಿ.ಮೀ. ಶಾಫ್ಟಿಗೆ ಕೀಯ ರೂಢಿಯ ಅಳತೆ 12 ಮಿ.ಮೀ. ಅಗಲ, 8 ಮಿ.ಮೀ. ಎತ್ತರ. ಅದರಲ್ಲಿ ಶಾಫ್ಟಿನೊಳಗೆ 5, ಗಾಲಿಯೊಳಗೆ 3.3. ಎರಡನ್ನೂ ಕೂಡಿಸಿದರೆ 8.3 ಆಗುವದನ್ನು ನೋಡಿ ತಪ್ಪೆಂದು ತಿಳಿಯಬಾರದು. ಕೀಯ ನೆತ್ತಿಯ ಮೇಲೆ ಕೂದಲೆಳೆಯಷ್ಟು ಜಾಗ ಬೇಕೆಂದೇ ಹಾಗೆ ಇಟ್ಟಿದ್ದಾರೆ. ಗಾಲಿಯ ತೂತಿನ ಉದ್ದ 75 ಮಿ.ಮೀ. ಈಗ ಪ್ರಶ್ನೆಯೆಂದರೆ, ಶೇಪರಿನ ಟೂಲು ಹೊರಮೈಯನ್ನು ಹೆರೆಯುವಂಥದು; 40 ಮಿ.ಮೀ. ತೂತಿನೊಳಗೆ ಅದು ಹೋಗುವ ಬಗೆ ಹೇಗೆ? ಉತ್ತರ ಹಳೆಯದೇ. ಒಂದು ದುಂಡನೆಯ ಸರಳನ್ನು ಆಡ್ಡವಾಗಿ ಬಿಗಿದು, ಅದರ ತುದಿಯಲ್ಲಿ ಸಣ್ಣ ಟೂಲನ್ನು ಕೆಳಮುಖವಾಗಿ ಸಿಕ್ಕಿಸಬೇಕು. ಸರಳು ತೂತಿನೊಳಗೆ ಹೋಗಿ ಬರುತ್ತ ತಳದಲ್ಲಿ ಗಾಡಿ ಕೊರೆಯುತ್ತದೆ. ಕೀಲಿನ ಪಟ್ಟಿ ಮಾತ್ರ ಎತ್ತಿಕೊಳ್ಳದಂತೆ ಬೋಲ್ಟಿನಿಂದ ಬಿಗಿಯಬೇಕು; ಇಲ್ಲದಿದ್ದರೆ ಸರಳು ಎದ್ದು ತೂತಿನ ಮೇಲ್ಮೈಗೆ ಬಡಿಯುತ್ತದೆ.

ಸಿಕ್ಕ 20 ಮಿ.ಮೀ. ಸರಳನ್ನೇ ತೆಗೆದುಕೊಂಡು, ತುದಿಯಲ್ಲಿ ಡ್ರಿಲ್ಲಿನಿಂದ ತೂತು ಹೊಡೆದು ಅರದಿಂದ ಚೌಕು ಮಾಡಿದೆ. ಟೂಲಿಗೆ ಉಕ್ಕು ಬೇಕಲ್ಲ? ಅಂಗಡಿಯ ಟೂಲಿನ ತುಂಡು ಮುಗಿದಿತ್ತು. ಹಲ್ಲು ಸವೆದ ಚೌಕು ಅರವೊಂದು ಮೂಲೆಯಲ್ಲಿತ್ತು. ಅರದಲ್ಲಿ ನೂರಕ್ಕೆ ಒಂದರಷ್ಟು ಇಂಗಾಲವಿರುತ್ತದೆ. ಗಾಡಿಯ ಮೇಲ್ಪಟ್ಟಿಯಲ್ಲಿ, ಅಂದರೆ ಸ್ಪ್ರಿಂಗಿನ ಪಾಟಾದಲ್ಲಿ, ಅದರ ಅರ್ಧಕ್ಕಿಂತ ತುಸು ಹೆಚ್ಚು. ಮನೆ ಕಟ್ಟುವ ಮೆದು ಕಬ್ಬಿಣದಲ್ಲಿ ಇನ್ನೂ ಬಹಳ ಕಡಿಮೆ. ಇಂಗಾಲವಿದ್ದಷ್ಟೂ ನೀರು ಕುಡಿಸಿದಾಗ ಉಕ್ಕು ಗಡಸಾಗುತ್ತದೆ. ಕಾರಣವಿಷ್ಟೇ: ಕೆಂಪಗೆ ಕಾದಾಗ ಕಬ್ಬಿಣದ ಕಣಗಳ ಜೋಡಣೆ ಬದಲಾಗಿ ಇಂಗಾಲವು ಅದರೊಳಗೆ ಕರಗುತ್ತದೆ, ನಿಧಾನವಾಗಿ ಆರಿದರೆ ಮತ್ತೆ ಹೊರಬೀಳುತ್ತದೆ, ತಟ್ಟನೆ ತಣಿಸಿದರೆ ಹೊರಬೀಳಲು ಸಮಯವಿಲ್ಲದೆ ಒಳಗೇ ಸಿಕ್ಕಿಕೊಂಡು ಇಡೀ ಜೋಡಣೆಯನ್ನು ಬಿಗಿಹಿಡಿಯುತ್ತದೆ. ಎಷ್ಟು ಕಾಯಿಸಬೇಕು? ಅಜ್ಜನ ಕಾಲದಲ್ಲಿ ಕಣ್ಣೇ ಅಳತೆ. ನಾನು ಒಡೆದ ಲೌಡ್ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿಕೊಂಡಿದ್ದೆ. ಸುಮಾರು 770 ಅಂಶ ಸೆಂಟಿಗ್ರೇಡಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವದನ್ನು ಬಿಡುತ್ತದೆ. ಅಲ್ಲಿಂದ ತುಸು ಮೇಲಕ್ಕೆ ಕಾಯಿಸಿ ನೀರಿಗದ್ದಿದರಾಯಿತು. ಈ ಉಪಾಯ ಅಪ್ಪನಿಗೆ ಬಹಳ ಹಿಡಿಸಿತು. ಕುಲುಮೆಯ ಬದಿಗೆ ಆ ಅಯಸ್ಕಾಂತ ಇಂದಿಗೂ ತೂಗಿದೆ.

ಆದರೆ ನಾನು ಪುಸ್ತಕದ ಅಲ್ಲಿಯವರೆಗಿನ ಪುಟವನ್ನಷ್ಟೇ ಓದಿದ್ದೆ. ನೀರು ಕುಡಿದ ಉಕ್ಕು ಗಾಜಿನಂತೆ ಗಡಸು, ಗಾಜಿನಂತೆಯೇ ಪೆಳುಸು. ಅದನ್ನು ಮತ್ತೆ ಮೆಲ್ಲಗೆ ಕಾಯಿಸಿ ಹದಕ್ಕೆ ತರಬೇಕೆಂಬದನ್ನು ನಾನು ಗಿರಣಿಯ ಅವಸರದಲ್ಲಿ ಬಿಟ್ಟೆ. ಮೇಲಾಗಿ ಅರದ ಹಲ್ಲಿನ ಗೀರುಗಳನ್ನೂ ಪೂರ್ತಿ ಸಾಣೆಗೆ ಕೊಟ್ಟಿರಲಿಲ್ಲ; ಬಿರುಕು ಹುಟ್ಟುವದು ಅಂಥ ಗೀರಿನಿಂದಲೇ. ಯಂತ್ರ ಚಾಲೂ ಮಾಡಿದೆ. ನಾಲ್ಕನೆಯ ನಡೆಗೆ ಪಟ್ಟೆಂದು ಮುರಿಯಿತು. ಚೂರು ಅಪ್ಪನ ಕಿವಿಯ ಬದಿಯಿಂದ ಹಾಯ್ದು ಹಿಂದಿನ ತಗಡಿಗೆ ಬಡಿಯಿತು. ಅವ್ವ ಒಳಗಿನಿಂದ ಓಡಿ ಬಂದಳು. ಅಪ್ಪ ಒಂದು ಮಾತನ್ನೂ ಆಡಲಿಲ್ಲ. ಯಂತ್ರ ನಿಲ್ಲಿಸಿ ತಗಡಿನ ಮೇಲಿನ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅಂದಿನಿಂದ ನಮ್ಮ ಚಪ್ಪರದಲ್ಲಿ ಎರಡು ಜೊತೆ ಕಣ್ಣುಕಾಪು ಇವೆ. ಹಾಕಿಕೊಳ್ಳದೆ ಯಾರೂ ಗುಂಡಿ ಒತ್ತುವಂತಿಲ್ಲ.

ಎರಡನೆಯ ಟೂಲಿಗೆ ಅಪ್ಪನೇ ಹದ ಕೊಟ್ಟರು. ನೀರು ಕುಡಿಸಿದ ತುಂಡಿನ ಮೈಯನ್ನು ಕಲ್ಲಿನಿಂದ ತಿಕ್ಕಿ ಹೊಳಪು ಬರಿಸಿ, ಕಾದ ಕಬ್ಬಿಣದ ಹಲಗೆಯ ಮೇಲೆ ಅದರ ಬಾಲದ ಕಡೆಯಿಂದ ಶಾಖ ಕೊಟ್ಟರು. ಹೊಳೆಯುವ ಮೈಯ ಮೇಲೆ ಬಣ್ಣಗಳು ಓಡಿಬರುವದನ್ನು ನೋಡಬೇಕು! ಮೊದಲು ತಿಳಿ ಹಳದಿ. ಅದು 220 ಅಂಶದ ಆಸುಪಾಸು. ತರುವಾಯ ಕಂದು, 250ರ ಮೇಲೆ. ಮುಂದೆ ನೇರಳೆ, 280. ಕೊನೆಗೆ ನೀಲಿ, 300. ಬಣ್ಣ ಮುಂದುವರಿದಂತೆ ಗಡಸುತನ ಇಳಿದು ತಾಳಿಕೆ ಏರುತ್ತದೆ. ಅಪ್ಪನಿಗೆ ಅಂಶಗಳು ಗೊತ್ತಿಲ್ಲ. ಅವರ ಲೆಕ್ಕ ಬೇರೆ: “ಕಲ್ಲ ಒಡಿಯೂ ಚಾಣಕ್ಕ ಪಾರಿವಾಳದ ಕುತಿಗಿ ಬಣ್ಣ ಬರಬೇಕು. ಇದಕ್ಕ ಅಷ್ಟ ಬ್ಯಾಡ, ಕಡ್ಲಿ ಸಿಪ್ಪಿ ಬಣ್ಣಕ್ಕ ಹಿಡಿ.” ಕಡಲೆಯ ಸಿಪ್ಪೆಯ ಬಣ್ಣವೆಂದರೆ ಪುಸ್ತಕದ 250 ಅಂಶವೇ. ಬಣ್ಣ ತುದಿಗೆ ಬಂದೊಡನೆ ನೀರಿಗದ್ದಿದರು.

ಇಲ್ಲೊಂದು ಮಾತು ಬೇಡವೆಂದರೂ ಬರುತ್ತದೆ. ನಮ್ಮ ಉಕ್ಕು ಎಂಬ ಶಬ್ದವೇ ಇಂಗ್ಲಿಷಿನಲ್ಲಿ ವೂಟ್ಜ್ ಆಯಿತೆಂದು ವಿದ್ವಾಂಸರು ಹೇಳುತ್ತಾರೆ. ದಕ್ಷಿಣ ಹಿಂದುಸ್ತಾನದ ಆ ಉಕ್ಕಿನ ಬಗ್ಗೆ 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಬರೆದ. 1820ರ ಸುಮಾರಿಗೆ ಮೈಕೇಲ್ ಫ್ಯಾರಡೆ ಅದರ ಗುಟ್ಟು ತಿಳಿಯಲು ಪ್ರಯೋಗಗಳನ್ನು ಮಾಡಿದ. ವಿದ್ಯುತ್ತಿನ ಫ್ಯಾರಡೆಯನ್ನು ಬಲ್ಲ ನಮಗೆ ಉಕ್ಕಿನ ಫ್ಯಾರಡೆ ಗೊತ್ತಿಲ್ಲ.

ಹದ ಸರಿಯಾದರೂ ಕೆಲಸ ಸರಿಯಾಗಲಿಲ್ಲ. ಟೂಲು ಬೀಡಿಗೆ ತಾಗಿದೊಡನೆ ಸರಳು ಗಡಗಡ ನಡುಗಿ, ಗಾಡಿಯ ತಳದಲ್ಲಿ ಅಲೆಯಲೆಯಾಗಿ ಗೀರುಗಳು ಬಿದ್ದವು. ಇಲ್ಲಿ ಮಾತ್ರ ನನ್ನ ಓದು ಉಪಯೋಗಕ್ಕೆ ಬಂದಿತು. ಒಂದು ಕಡೆ ಬಿಗಿದು ಇನ್ನೊಂದು ಕಡೆ ಚಾಚಿದ ಸರಳಿನ ಬಾಗುವಿಕೆಯು ಚಾಚಿದ ಉದ್ದದ ಘನದಂತೆ ಹೆಚ್ಚುತ್ತದೆ. ಸರಳಿನ ದಪ್ಪದ ನಾಲ್ಕನೆಯ ಘಾತದಂತೆ ಕಡಿಮೆಯಾಗುತ್ತದೆ. ಅಂದರೆ ಉದ್ದವನ್ನು ಅರ್ಧ ಮಾಡಿದರೆ ಬಾಗುವಿಕೆ ಎಂಟನೆಯ ಒಂದು ಪಾಲು. ದಪ್ಪವನ್ನು ಇಮ್ಮಡಿ ಮಾಡಿದರೆ ಹದಿನಾರನೆಯ ಒಂದು ಪಾಲು. ನಾನು 20 ಮಿ.ಮೀ. ಸರಳನ್ನು 150 ಮಿ.ಮೀ. ಚಾಚಿ ಕಟ್ಟಿದ್ದೆ. ನಿಜಕ್ಕೂ ಬೇಕಾದದ್ದೆಷ್ಟು? ತೂತಿನ ಉದ್ದ 75, ಆಚೆ ಕಡೆ ಹೊರಬೀಳಲು 20, ಈಚೆ ಕಡೆ ಹಿಡಿಕೆ ಗಾಲಿಗೆ ಬಡಿಯದಂತೆ 15; ಒಟ್ಟು 110. ದಪ್ಪವನ್ನು 28ಕ್ಕೆ ಏರಿಸಬಹುದಿತ್ತು: ಟೂಲು 6 ಮಿ.ಮೀ. ಹೊರಚಾಚಿದರೂ ಒಟ್ಟು 34, ತೂತು 40. ಲೆಕ್ಕ ಹಾಕಿದೆ. ಈ ಎರಡೂ ಬದಲಾವಣೆಯಿಂದ ಸರಳು ಮೊದಲಿಗಿಂತ ಹತ್ತಿರ ಹತ್ತಿರ ಹತ್ತುಪಟ್ಟು ಬಿಗುವಾಗುತ್ತದೆ. ಅಪ್ಪ ಟ್ರ್ಯಾಕ್ಟರಿನ ಹಳೆಯ ಪಿನ್ನೊಂದನ್ನು ಹುಡುಕಿ ತೆಗೆದರು. ಹತ್ತುಪಟ್ಟು ಎಂಬ ನನ್ನ ಮಾತಿಗೆ ಅವರು ನಗಲಿಲ್ಲ, ಹೌದೆನ್ನಲೂ ಇಲ್ಲ. ಪಿನ್ನಿಗೆ ತೂತು ಹೊಡೆಯತೊಡಗಿದರು.

ನಡುಕ ಬಹುತೇಕ ಹೋಯಿತು. ಆಗ ಕಾಕಾ ಬಂದು ನೋಡಿ, “ದಬ್ಬೂದು ಯಾಕೋ, ಟೂಲ ತಿರುವಿ ಹಾಕು, ಎಳಕೊಂಡು ಬರಲಿ” ಎಂದರು. ಮಾತು ನಿಜವೇ. ಉದ್ದ ಕೋಲಿನಿಂದ ಭಾರವನ್ನು ದಬ್ಬಿದರೆ ಕೋಲು ಬಾಗುತ್ತದೆ, ಎಳೆದರೆ ನೆಟ್ಟಗಾಗುತ್ತದೆ. ಟೂಲಿನ ಬಾಯಿಯನ್ನು ಹಿಮ್ಮುಖ ಮಾಡಿ, ಹಿಂದೆ ಬರುವ ನಡೆಯಲ್ಲಿ ಕೊರೆಯುವಂತೆ ಇಟ್ಟೆ. ಗಾಡಿ ಕನ್ನಡಿಯಂತೆ ನುಣುಪಾಗಿ ಬರತೊಡಗಿತು. ಆದರೆ ಇಪ್ಪತ್ತು ನಡೆ ಮುಗಿಯುವಷ್ಟರಲ್ಲಿ ತುದಿ ಮೊಂಡಾಯಿತು! ಮತ್ತೆ ಸಾಣೆ, ಮತ್ತೆ ಮೊಂಡು.

ಇದರ ಕಾರಣ ಹೊಳೆಯಲು ನನಗೆ ಒಂದು ರಾತ್ರಿ ಬೇಕಾಯಿತು. ಯಂತ್ರ ನಿಮಿಷಕ್ಕೆ 50 ಸುತ್ತು, ಒಂದು ನಡೆಯ ಉದ್ದ 120 ಮಿ.ಮೀ. ನಿಮಿಷದಲ್ಲಿ ಟೂಲು ಕೊರೆಯುವ ದಿಕ್ಕಿನಲ್ಲಿ 6 ಮೀಟರು ಹೋಗುತ್ತದೆ. ಮುಂದಿನ ನಡೆಗೆ ನಿಮಿಷದ ಐದರಲ್ಲಿ ಮೂರು ಪಾಲು. ಆದ್ದರಿಂದ ಸರಾಸರಿ ವೇಗ ನಿಮಿಷಕ್ಕೆ 10 ಮೀಟರು. ಹಿಂದಿನ ನಡೆಗೆ ಐದರಲ್ಲಿ ಎರಡೇ ಪಾಲು. ವೇಗ 15 ಮೀಟರು. ಟೂಲನ್ನು ತಿರುವಿದ್ದರಿಂದ ನಾನು ಅರಿಯದೆಯೇ ಕೊರೆಯುವ ವೇಗವನ್ನು ಒಂದೂವರೆ ಪಟ್ಟು ಮಾಡಿದ್ದೆ. ವೇಗ ಹೆಚ್ಚಿದರೆ ತುದಿಯ ಶಾಖ ಹೆಚ್ಚುತ್ತದೆ. ಅರದ ಉಕ್ಕಿಗೆ 250 ಅಂಶದಲ್ಲಿ ಹದ ಕೊಟ್ಟದ್ದಲ್ಲವೇ? ಅದಕ್ಕಿಂತ ಹೆಚ್ಚು ಕಾದರೆ ಹದ ತಾನೇ ಇಳಿದುಹೋಗುತ್ತದೆ. ಮರುದಿನ ಮುಂಜಾನೆ ಪಟ್ಟೆಯನ್ನು ಇನ್ನೊಂದು ಮೆಟ್ಟಿಲಿಗೆ ಹಾಕಿ ನಿಮಿಷಕ್ಕೆ 30 ಸುತ್ತಿಗೆ ಇಳಿಸಿದೆ. ಎಳೆಯುವ ನಡೆಯ ವೇಗ 9 ಮೀಟರಾಯಿತು. ತುದಿ ನಿಂತಿತು.

ಕಾರಖಾನೆಗಳಿಗೆ ಇದೇ ತೊಂದರೆ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಇತ್ತು. 1868ರಲ್ಲಿ ರಾಬರ್ಟ್ ಮಶೆಟ್ ಟಂಗ್‌ಸ್ಟನ್ ಬೆರೆಸಿ, ಗಾಳಿಯಲ್ಲಿ ಆರಿದರೂ ಗಡಸಾಗುವ ಉಕ್ಕನ್ನು ಮಾಡಿದ. ಅಮೇರಿಕೆಯ ಬೆಥ್ಲೆಹೆಮ್ ಕಾರಖಾನೆಯಲ್ಲಿ ಟೇಲರ್ ಮತ್ತು ವೈಟ್ ಎಂಬವರು ಅದನ್ನು ಮುಂದುವರಿಸಿ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಹೈಸ್ಪೀಡ್ ಉಕ್ಕನ್ನು ತೋರಿಸಿದರು. ತುದಿ ಕೆಂಪಗೆ ಕಾದರೂ ಕೊರೆಯುತ್ತಲೇ ಇತ್ತಂತೆ. ಅದರ ಪ್ರಸಿದ್ಧ ಬಗೆಯೊಂದರಲ್ಲಿ ನೂರಕ್ಕೆ 18 ಟಂಗ್‌ಸ್ಟನ್, 4 ಕ್ರೋಮಿಯಂ, 1 ವನಾಡಿಯಂ. ಅದು ಸುಮಾರು 600 ಅಂಶದವರೆಗೂ ಗಡಸುತನ ಬಿಡುವದಿಲ್ಲ. ಅದರ ತುಂಡುಗಳೇ ಇಂದು ಪೇಟೆಯಲ್ಲಿ ಸಿಗುವ ಟೂಲಿನ ಬಿಟ್ಟುಗಳು. ನೀರು, ಹದ ಯಾವದೂ ಬೇಡ. ಬೇಕಾದ ಆಕಾರಕ್ಕೆ ಸಾಣೆ ಹಿಡಿದರಾಯಿತು. ಅರದ ಟೂಲಿನಿಂದ ಆ ದಿನದ ಕೆಲಸ ನಡೆದರೂ, ಮುಂದೆ ನಾನು ಅದೇ ಸರಳಿಗೆ ಹೈಸ್ಪೀಡ್ ಬಿಟ್ಟನ್ನೇ ಹಾಕಿದೆ.

ಸಾಣೆ ಹಿಡಿಯುವದರಲ್ಲಿಯೂ ವಿಚಾರವಿದೆ. ಟೂಲಿನ ಬಾಯಿಯ ಕೆಳಗೆ ನಾಲ್ಕು ಅಂಶದಷ್ಟು ಒಳಸರಿವು ಸಾಕು; ಲೇಥಿಗೆ ಅದಕ್ಕಿಂತ ಹೆಚ್ಚು ಬೇಕು. ಶೇಪರಿನಲ್ಲಿ ಕೊರೆಯುವಾಗ ಟೂಲು ಇಳಿಯುವದಿಲ್ಲ, ಬರಿದೇ ಹೋಗುವ ಹೊತ್ತಿನಲ್ಲಿ ಇಳಿಸಲಾಗುತ್ತದೆ, ಅದೇ ಕಾರಣ. ಎರಡೂ ಪಕ್ಕಗಳು ಹಿಂದಕ್ಕೂ ಮೇಲಕ್ಕೂ ಒಂದೆರಡು ಅಂಶ ಸಣ್ಣಗಾಗುತ್ತ ಹೋಗಬೇಕು, ಇಲ್ಲದಿದ್ದರೆ ಗಾಡಿಯಲ್ಲಿ ಹಿಡಿದುಕೊಳ್ಳುತ್ತದೆ. ಬೀಡಿಗೆ ಟೂಲಿನ ನೆತ್ತಿ ಸಮತಟ್ಟಾಗಿದ್ದರೆ ನಡೆಯುತ್ತದೆ. ಮೆದು ಉಕ್ಕಿಗೆ ಓರೆ ಬೇಕು. ಅಗಲವನ್ನು 12 ಇಡದೆ 9 ಇಟ್ಟೆ. ಮೊದಲು ನಡುವೆ 9 ಮಿ.ಮೀ. ಗಾಡಿ; ತರುವಾಯ ಮೇಜನ್ನು ಅತ್ತ ಒಂದೂವರೆ, ಇತ್ತ ಒಂದೂವರೆ ಸರಿಸಿ 12 ಮಾಡುವದು. ಹೀಗೆ ಮಾಡಿದರೆ ಟೂಲಿನ ಮೇಲಿನ ಭಾರವೂ ಕಡಿಮೆ, ಕೀಗೆ ತಕ್ಕಂತೆ ಅಗಲವನ್ನು ಒಪ್ಪಿಸಲೂ ಬರುತ್ತದೆ.

ಆಳ ಅಳೆಯುವಲ್ಲಿ ಇನ್ನೊಂದು ಮೋಸವಿದೆ. ಅದರಿಂದ ನಾನು ಸ್ವಲ್ಪದರಲ್ಲಿ ಪಾರಾದೆ. ತೂತಿನ ತಳ ಬಟ್ಟಲಿನಂತೆ ಡೊಂಕು, ಟೂಲಿನ ಬಾಯಿ ನೆಟ್ಟಗೆ. ಆದ್ದರಿಂದ ಟೂಲಿನ ಎರಡು ಮೂಲೆಗಳು ಮೊದಲು ತಾಗುತ್ತವೆ. ನಡುವೆ ಇನ್ನೂ ಅರ್ಧ ಮಿ.ಮೀ. ಖಾಲಿ ಇರುತ್ತದೆ. ತಾಗಿದ ಗಳಿಗೆಯನ್ನೇ ಸೊನ್ನೆಯೆಂದು ಹಿಡಿದು 3.3 ಇಳಿಸಿದರೆ ಗಾಡಿ ಅರ್ಧ ಮಿ.ಮೀ. ಕಡಿಮೆಯಾಗಿ ಕೀ ಒಳಗೆ ಹೋಗುವದೇ ಇಲ್ಲ. ತೂತಿನ ಎದುರು ಗೋಡೆಯಿಂದ ಗಾಡಿಯ ತಳಕ್ಕೆ 43.3 ಬರುವವರೆಗೆ ಕೊರೆಯಬೇಕು. ನಡೆಗೆ ಕೂದಲೆಳೆಯಷ್ಟು, ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು ಇಳಿಸುತ್ತ ಹೋದೆ. ಅಪ್ಪ ಕ್ಯಾಲಿಪರ್ ಹಿಡಿದು ನಿಂತಿದ್ದರು. ಸಂಜೆಯ ಹೊತ್ತಿಗೆ ಕೀಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಹೋಗಿ ನಿಂತಿತು. ಮರದ ಸುತ್ತಿಗೆಯಿಂದ ಎರಡು ಸಲ ತಟ್ಟಿದಾಗ ಪೂರ್ತಿ ಕುಳಿತಿತು. ದೀಪ ಹಚ್ಚುವ ಹೊತ್ತಿಗೆ ಗಿರಣಿ ಚಾಲೂ ಆಯಿತು. ಬಾಗಿಲಲ್ಲಿ ಬುಟ್ಟಿಗಳ ಸಾಲು ರಾತ್ರಿ ಹತ್ತರವರೆಗೂ ಕರಗಲಿಲ್ಲ.

ಆ ಸರಳು ಈಗ ಎಣ್ಣೆ ಸವರಿಸಿಕೊಂಡು ಗೋಡೆಯ ಮೊಳೆಗೆ ತೂಗಿದೆ. ಮೊನ್ನೆ ಕಬ್ಬಿನ ಹಾಲಿನ ಗಾಣದ ಹಲ್ಲುಗಾಲಿಯೊಂದು ಬಂದಿದೆ. ಅದರ ತೂತು 30 ಮಿ.ಮೀ., ಕೀಯ ಅಗಲ 8. ನಮ್ಮ 28ರ ಸರಳು ಟೂಲಿನೊಡನೆ ಅದರೊಳಗೆ ಹಿಡಿಸುವದಿಲ್ಲ. ಮತ್ತೆ 20ಕ್ಕೇ ಇಳಿಯಬೇಕು, ಅಂದರೆ ನಡುಕ ಮತ್ತೆ ನಾಲ್ಕುಪಟ್ಟು. ಪುಣ್ಯಕ್ಕೆ ಈ ತೂತಿನ ಉದ್ದ 40 ಮಾತ್ರ. 75 ಚಾಚಿದರೆ ಸಾಕು. ಲೆಕ್ಕವನ್ನು ಚಪ್ಪರದ ತಗಡಿನ ಮೇಲೆ, ಆ ಹಳೆಯ ಗುರುತಿನ ಪಕ್ಕದಲ್ಲಿಯೇ, ಸುಣ್ಣದ ಕಡ್ಡಿಯಿಂದ ಬರೆದಿಟ್ಟು ಬಂದಿದ್ದೇನೆ. ರವಿವಾರ ಊರಿಗೆ ಹೋದಾಗ ಅಪ್ಪ ಅದಕ್ಕೆ ಏನೆನ್ನುತ್ತಾರೋ ನೋಡಬೇಕು.